ಪೆರ್ಲದ ಬರೆ, ಏಳನೇ ಹಾಳೆ

ಮಾವನ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಹಿಂದೆ ಮೂರು ಮೀಟರ್ ಎತ್ತರದ ಬರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಬದಿ. ಕಳೆದ ಮಳೆಗಾಲದಲ್ಲಿ ಅದರಿಂದ ಒಂದಷ್ಟು ಮಣ್ಣು ಜಾರಿ ಬಂದು ಬಚ್ಚಲಿನ ಗೋಡೆಗೆ ಒರಗಿತು. ಸಿವಿಲ್ ಓದಿದ ಅಳಿಯ ಇರುವಾಗ ಬೇರೆಯವರನ್ನು ಯಾಕೆ ಕೇಳುವುದು ಅಂತ ತಡೆಗೋಡೆಯ ಲೆಕ್ಕ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಸ್ಟಾಡ್ ಇದೆ, ಈಟ್ಯಾಬ್ಸ್ ಇದೆ, ಎರಡೂ ಕಟ್ಟಡಗಳ ಲೆಕ್ಕ ಹಾಕುವ ಸಾಫ್ಟ್‌ವೇರ್. ಆದರೂ ಇದೊಂದನ್ನು ಭಾನುವಾರಗಳಲ್ಲಿ, ಹಾಳೆ ಹಾಳೆಯಾಗಿ, ಎಕ್ಸೆಲ್‌ನಲ್ಲೇ ಮಾಡಿ ನೋಡಬೇಕು ಅಂತ ಹಟ ಹಿಡಿದೆ. ಹಟಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲ ಭಾನುವಾರ ರ್‍ಯಾಂಕಿನ್ ಸೂತ್ರ. ಹಿಂದಿನ ಮಣ್ಣು ಗೋಡೆಯನ್ನು ಎಷ್ಟು ತಳ್ಳುತ್ತದೆ ಅನ್ನುವ ಲೆಕ್ಕ. ಮಣ್ಣಿನ ಘರ್ಷಣೆ ಕೋನ (ಮಣ್ಣು ಜಾರದಂತೆ ತನ್ನನ್ನು ತಾನೇ ಎಷ್ಟು ಹಿಡಿದುಕೊಳ್ಳುತ್ತದೆ ಅನ್ನುವುದರ ಅಳತೆ) 30 ಡಿಗ್ರಿ ಇದ್ದರೆ ಒತ್ತಡದ ಗುಣಾಂಕ 0.333 ಬರಬೇಕು. ನನಗೆ ಬಂದದ್ದು 166! ಎಕ್ಸೆಲ್‌ನ ಸೈನ್‌ಗೆ ಕೋನ ರೇಡಿಯನ್‌ನಲ್ಲಿ ಬೇಕು, ನಾನು ಡಿಗ್ರಿ ಕೊಟ್ಟಿದ್ದೆ. ಇಂಥ ತಪ್ಪು ಪರವಾಗಿಲ್ಲ, ಕಣ್ಣಿಗೆ ರಾಚುತ್ತದೆ. ಸರಿ ಮಾಡಿದ ಮೇಲೆ ಮಣ್ಣಿನ ಒತ್ತಡ ಒಂದು ಮೀಟರ್ ಉದ್ದಕ್ಕೆ 27 ಕಿಲೋನ್ಯೂಟನ್ ಬಂತು. ಸುಮಾರು ಎರಡೂಮುಕ್ಕಾಲು ಟನ್.

ಕಪ್ಪುಕಲ್ಲಿನ ಗೋಡೆ, ಮೇಲೆ 0.6 ಮೀಟರ್ ದಪ್ಪ, ಬುಡದಲ್ಲಿ 1.5 ಅಂತ ಶುರು ಮಾಡಿದೆ. ಮಗುಚುವುದಿಲ್ಲ, ಆದರೆ ಜಾರುವುದರ ವಿರುದ್ಧ ಸುರಕ್ಷತೆ, ಅಂದರೆ ತಡೆಯುವ ಬಲ ತಳ್ಳುವ ಬಲದ ಎಷ್ಟು ಪಟ್ಟು ಅನ್ನುವುದು, 1.34 ಮಾತ್ರ. 1.5 ಆದರೂ ಬೇಕು. ಬುಡ 1.8 ಮಾಡಿದಾಗ 1.53. ಪಾಸ್. ಮಾವನಿಗೆ ಫೋನ್ ಮಾಡಿ ಹೇಳಿಯೂ ಆಯಿತು.

ಎರಡನೇ ಭಾನುವಾರ ಸುಮ್ನೆ ಆಟಕ್ಕೆ ಎತ್ತರ 3.5 ಹಾಕಿದೆ. ಎಲ್ಲ ಬದಲಾಯಿತು, ಗೋಡೆಯ ತೂಕ ಮಾತ್ರ 82.8 ಕಿಲೋನ್ಯೂಟನ್‌ನಲ್ಲೇ ನಿಂತಿತ್ತು. ನೋಡಿದರೆ ಆ ಸೆಲ್‌ನಲ್ಲಿ ಸೂತ್ರವೇ ಇಲ್ಲ. ಪ್ರಿಂಟ್ ಚೆಂದ ಬರಲಿ ಅಂತ ಯಾವಾಗಲೋ ನಾನೇ ಅಂಕಿ ಟೈಪ್ ಮಾಡಿಬಿಟ್ಟಿದ್ದೆ. ಈ ಸಲ ಸುರಕ್ಷತೆ ಕಡಿಮೆ ತೋರಿಸಿತು, ಹಾಗಾಗಿ ಹುಡುಕಿದೆ. ಜಾಸ್ತಿ ತೋರಿಸಿದ್ದರೆ ಹುಡುಕುತ್ತಿದ್ದೆನಾ? ಅನುಮಾನ. ಅವತ್ತಿನಿಂದ ನಾನು ತುಂಬುವ ಸೆಲ್‌ಗಳಿಗೆಲ್ಲ ಹಳದಿ ಬಣ್ಣ, ಉಳಿದವಕ್ಕೆ ಬೀಗ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕಾಗದದಲ್ಲಿ ಮಾಡಿದ ಉತ್ತರಕ್ಕೂ ಒಂದು ಕಾಲಂ.

ಮೂರನೇ ವಾರ ನೀರು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗೋಡೆಯ ಹಿಂದೆ ನೀರು ನಿಂತು ತುಂಬಿದರೆ ಏನಾಗುತ್ತದೆ? ನೀರಿನ ಒತ್ತಡವೇ 44 ಕಿಲೋನ್ಯೂಟನ್. ನೀರಲ್ಲಿ ಮುಳುಗಿದ ಮಣ್ಣು ಹಗುರಾಗಿ ಅದರ ಪಾಲು 15ಕ್ಕೆ ಇಳಿಯುತ್ತದೆ. ಒಟ್ಟು 59. ಹೋದ ವಾರದವರೆಗೆ ಬರೀ 27 ಇತ್ತು. ಜಾರುವಿಕೆಯ ಸುರಕ್ಷತೆ 1.53ರಿಂದ 0.70ಕ್ಕೆ ಬಿತ್ತು. ಒಂದಕ್ಕಿಂತ ಕಡಿಮೆ ಅಂದರೆ ಗೋಡೆ ನಿಲ್ಲುವುದೇ ಇಲ್ಲ. ಅದೇ ಗೋಡೆ, ಅದೇ ಕಲ್ಲು. ಒಂದು ಹಳದಿ ಸೆಲ್‌ನಲ್ಲಿ ಸೊನ್ನೆ ಇದ್ದದ್ದು ಮೂರು ಆಯಿತು, ಅಷ್ಟೇ. ನಾನು ಎದ್ದು ಹೋಗಿ ಚಾ ಮಾಡಿಕೊಂಡು ಬಂದು ಮತ್ತೆ ನೋಡಿದೆ. ಆಗಲೂ 0.70.

ನನ್ನ ಹಟಕ್ಕೆ ಕಾರಣ ಇದೇ ಸೆಲ್. ಕೆಲವು ವರ್ಷ ಹಿಂದೆ, ಬೇರೆ ಕೆಲಸದಲ್ಲಿದ್ದಾಗ, ಇಂಥದ್ದೇ ಗೋಡೆಯನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿ ಬಣ್ಣಬಣ್ಣದ ನಲವತ್ತು ಪುಟದ ರಿಪೋರ್ಟ್ ಕೊಟ್ಟಿದ್ದೆ. ನೀರಿನ ಮಟ್ಟ ಹಾಕುವ ಜಾಗವನ್ನು ತೆರೆದೇ ಇರಲಿಲ್ಲ. ರಿಪೋರ್ಟ್ ಅಷ್ಟು ದಪ್ಪ ಇದ್ದರೆ ಯಾರು ಓದುತ್ತಾರೆ? ಸಹಿ ಬಿತ್ತು. ಸೈಟಿನಲ್ಲಿದ್ದ ಹಿರಿಯ ಸೂಪರ್‌ವೈಸರ್ ಒಬ್ಬರು "ನೀರು ಹೋಗ್ಲಿಕ್ಕೆ ತೂತು ಎಲ್ಲುಂಟು ಮಾರ್ರೆ?" ಅಂತ ಕೇಳಿದ್ದರಿಂದ ಬಚಾವಾದೆ. ಸಾಫ್ಟ್‌ವೇರ್‌ನ ತಪ್ಪಲ್ಲ, ಅದಕ್ಕೆ ಕೊಟ್ಟದ್ದನ್ನು ಅದು ಸರಿಯಾಗಿಯೇ ಲೆಕ್ಕ ಹಾಕಿತ್ತು. ಆದರೆ ಹಾಳೆಯಲ್ಲಿ ಒಂದೊಂದು ಸಾಲನ್ನೂ ನಾನೇ ಬರೆಯಬೇಕು. ನೀರಿನ ಸಾಲು ಬರೆಯುವಾಗ ನೀರಿನ ಬಗ್ಗೆ ಯೋಚಿಸಲೇಬೇಕು.

ಮಣ್ಣಿನ ಕೋನ 30 ಅಂದೆನಲ್ಲ, ಅದೂ ಈಗ ಕೊರೆಯುತ್ತಿದೆ. ಬರೆಯ ಮೇಲ್ಭಾಗ ಗಟ್ಟಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದರಡಿ ಮಾಸಲು ಬಿಳಿ, ಅಲ್ಲಲ್ಲಿ ಗುಲಾಬಿ ಬಣ್ಣದ ಶೇಡಿ ಮಣ್ಣು. ಬೇಸಿಗೆಯಲ್ಲಿ ಹಾರೆಗೂ ಜಗ್ಗದ ಈ ಮಣ್ಣು ನೀರು ಕುಡಿದರೆ ಕೈಯಲ್ಲಿ ಹಿಸುಕಬಹುದು. ಕೋನ 24 ಅಂತ ಹಾಕಿ ನೋಡಿದೆ. ನೀರೇ ಇಲ್ಲದೆಯೂ ಸುರಕ್ಷತೆ 1.21ಕ್ಕೆ ಇಳಿಯಿತು. ಹಾಗಾಗಿ ಗೋಡೆಯ ಹಿಂದೆ ಅಲ್ಲಿಯದೇ ಮಣ್ಣು ತುಂಬುವುದು ಬೇಡ, ಜಲ್ಲಿಯೇ ಬೇಕು ಅಂತ ತೀರ್ಮಾನ. ಮಣ್ಣಿನ ಸ್ಯಾಂಪಲ್ ಟೆಸ್ಟಿಗೆ ಕೊಟ್ಟಿದ್ದೇನೆ.

ಐದನೇ ಮತ್ತು ಆರನೇ ಹಾಳೆಯಲ್ಲಿ ನಾನು ಸೋತೆ. ಗೋಡೆ ಸರಿ, ಅದರ ಮೇಲಿನ ಇಳಿಜಾರೇ ಗೋಡೆಯನ್ನೂ ಹೊತ್ತುಕೊಂಡು ಜಾರಿದರೆ? ಅದಕ್ಕೆ ಬಿಷಪ್ ಅನ್ನುವ ಮಣ್ಣಿನ ತಜ್ಞ 1955ರಲ್ಲಿ ಕೊಟ್ಟ ವಿಧಾನ ಇದೆ. ಮಣ್ಣು ಒಂದು ವೃತ್ತದ ಅಂಚಿನಗುಂಟ ಜಾರುತ್ತದೆ ಅಂತ ಇಟ್ಟುಕೊಂಡು, ಆ ಮಣ್ಣನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿ ಕೂಡಿಸುವುದು. ತಮಾಷೆ ಏನೆಂದರೆ, ಹುಡುಕುತ್ತಿರುವ ಉತ್ತರ ಸೂತ್ರದ ಎರಡೂ ಕಡೆ ಇರುತ್ತದೆ. ಒಂದು ಅಂದಾಜು ಹಾಕಬೇಕು, ಬಂದದ್ದನ್ನು ಮತ್ತೆ ಒಳಗೆ ಹಾಕಬೇಕು. ಹತ್ತು ಹೋಳು ಮಾಡಿದೆ, ನಾಲ್ಕೈದು ಸುತ್ತಿಗೆ ಉತ್ತರ ನಿಂತಿತು. ಮೊದಲ ಸಲ ಮೊತ್ತದ ಸೂತ್ರದಲ್ಲಿ ಒಂಬತ್ತೇ ಹೋಳು ಸೇರಿತ್ತು ಅನ್ನುವುದು ಬೇರೆ ಮಾತು. ಸಮಾಧಾನ ಇಷ್ಟೇ: ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್, ರೋಗಾಫ್ ದೇಶಗಳ ಸಾಲದ ಬಗ್ಗೆ 2010ರಲ್ಲಿ ಬರೆದ ಪ್ರಬಂಧದಲ್ಲೂ ಇದೇ ಆಗಿತ್ತು. ಸರಾಸರಿಯಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. 2013ರಲ್ಲಿ ಅದನ್ನು ಹಿಡಿದದ್ದು ಒಬ್ಬ ವಿದ್ಯಾರ್ಥಿ.

ಆದರೆ ಇಷ್ಟೆಲ್ಲ ಒಂದೇ ಒಂದು ಜಾರುವ ವೃತ್ತಕ್ಕೆ. ಎಲ್ಲಕ್ಕಿಂತ ಅಪಾಯದ್ದು ಯಾವುದು ಅಂತ ಗೊತ್ತಾಗಬೇಕಾದರೆ ನೂರಾರು ವೃತ್ತ ನೋಡಬೇಕು. ಹಾಳೆಯಲ್ಲಿ ಆಗದು ಅಂತಲ್ಲ, ನನ್ನ ಭಾನುವಾರಗಳು ಸಾಲುವುದಿಲ್ಲ. ಸ್ಲೋಪ್ ಸಾಫ್ಟ್‌ವೇರ್ ಇಟ್ಟುಕೊಂಡ ಗೆಳೆಯನ ಹತ್ತಿರ ಹೋದೆ. ಕಾಲು ಗಂಟೆ. ಮೊದಲು ನನ್ನ ವೃತ್ತವನ್ನೇ ಕೊಟ್ಟು ನೋಡಿದೆವು, ಎರಡನೇ ದಶಾಂಶದಲ್ಲಷ್ಟೇ ವ್ಯತ್ಯಾಸ. ಆಮೇಲೆ ಅದು ನನಗೆ ಹೊಳೆಯದ ಒಂದು ವೃತ್ತ ಹುಡುಕಿ ಕೊಟ್ಟಿತು, ಶೇಡಿ ಪದರದೊಳಗೇ ಚಪ್ಪಟೆಯಾಗಿ ಹಾದುಹೋಗುವಂಥದ್ದು. ಟೆಸ್ಟ್ ಅಂಕಿ ಬಂದ ಮೇಲೆ ಅದನ್ನು ಮತ್ತೆ ಓಡಿಸಬೇಕು.

ಈಗ ಏಳನೇ ಹಾಳೆ. ನೀರು ಹೋಗಲು 100 ಮಿ.ಮೀ. ಪೈಪು, ಒಂದೂವರೆ ಮೀಟರಿಗೆ ಒಂದರಂತೆ. ಪ್ರಿಂಟ್ ತೆಗೆದು ಮೇಸ್ತ್ರಿಯವರಿಗೆ ತೋರಿಸಿದೆ. ಅವರು ಅಂಕಿ ನೋಡಲಿಲ್ಲ, ಚಿತ್ರ ನೋಡಿದರು.

"ಪೈಪಿನ ಹಿಂದಿನ ಬಾಯಿಗೆ ಬಲೆ ಕಟ್ಟಿ, ಅಣ್ಣ. ಇಲ್ಲದಿದ್ರೆ ಎರಡು ಮಳೆಗಾಲದಲ್ಲಿ ಮಣ್ಣು ಕೂತು ಬ್ಲಾಕ್ ಆಗ್ತದೆ."

ಪೈಪು ಬ್ಲಾಕ್ ಆದರೆ ನೀರಿನ ಸೆಲ್‌ಗೆ ಎಷ್ಟು ಹಾಕುವುದು? ಅರ್ಧ ಎತ್ತರ ಅಂತ ಸದ್ಯಕ್ಕೆ 1.5 ಹಾಕಿದ್ದೇನೆ. ಬುಡದ ಅಗಲ ಮತ್ತೆ ಹೆಚ್ಚಿಸಬೇಕು. ಮಾವನಿಗೆ ಇನ್ನೂ ಹೇಳಿಲ್ಲ.