ಹಾಗಾದ್ರೆ ಸ್ಯಾಂಡ್‌ಬಾಕ್ಸ್ ಯಾಕೆ?

"ಹಾಗಾದ್ರೆ ಸ್ಯಾಂಡ್‌ಬಾಕ್ಸ್ ಯಾಕೆ ಇಟ್ಟಿದ್ದೀವಿ ಸರ್?"

ಮಂಗಳವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಕೇಳಿದ್ದು ತಂಡಕ್ಕೆ ಹೊಸದಾಗಿ ಬಂದ ಹುಡುಗಿ. ಕೇಳಿದ್ದು ನನ್ನನ್ನಲ್ಲ, ನಮ್ಮ ಸೀನಿಯರನ್ನು. ಆದರೂ ಮುಖ ಕೆಂಪಾಗಿದ್ದು ನನ್ನದು.

ಬಳಕೆದಾರರು ಬರೆದ ಕೋಡನ್ನು ನಾವು ಐಫ್ರೇಮಿನಲ್ಲಿ, ಅಂದರೆ ನಮ್ಮ ಪುಟದೊಳಗೆ ಕೂರಿಸಿದ ಇನ್ನೊಂದು ಪುಟದಲ್ಲಿ, ಓಡಿಸುತ್ತೇವೆ. ಅದರ ಸುತ್ತ ಸ್ಯಾಂಡ್‌ಬಾಕ್ಸ್ ಎಂಬ ಬೇಲಿ ಹಾಕಿ, ಕೋಡ್ ಓಡಿಸುವ ಅಲೋ-ಸ್ಕ್ರಿಪ್ಟ್ಸ್ ಅನುಮತಿ ಒಂದನ್ನು ಮಾತ್ರ ಕೊಟ್ಟಿದ್ದೇವೆ. ಲೆಕ್ಕ ಜಾಸ್ತಿಯಾದರೆ ಫ್ರೇಮ್ ಗರ ಬಡಿದಂತೆ ನಿಲ್ಲುತ್ತಿತ್ತು. ಸರಿ, ಆ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ವರ್ಕರ್‌ಗೆ ದಾಟಿಸೋಣ ಅಂತ ಮೂರು ಸಾಲು ಬರೆದೆ. ಕನ್ಸೋಲ್ ತುಂಬ ಕೆಂಪು. 'ನಲ್' ಎಂಬ ಒರಿಜಿನ್‌ನಿಂದ ಈ ಸ್ಕ್ರಿಪ್ಟ್ ಮುಟ್ಟುವಂತಿಲ್ಲವಂತೆ. ಒರಿಜಿನ್ ಅಂದರೆ ಪುಟ ಯಾವ ಸೈಟಿನದು ಎಂಬ ಗುರುತು; ಸ್ಯಾಂಡ್‌ಬಾಕ್ಸ್ ಅದನ್ನು ಕಿತ್ತುಕೊಂಡು 'ನಲ್', ಅಂದರೆ ಖಾಲಿ, ಮಾಡಿಬಿಡುತ್ತದೆ. ಫೈಲ್ ಇದ್ದದ್ದು ಅದೇ ಸರ್ವರ್, ಅದೇ ಫೋಲ್ಡರ್!

"ಅಲೋ-ಸೇಮ್-ಒರಿಜಿನ್ ಸೇರಿಸಿ, ಮುಗೀತು" ಅಂದರು ಸೀನಿಯರ್, ಪರದೆಯನ್ನು ಸರಿಯಾಗಿ ನೋಡದೆಯೇ. ಫ್ರೇಮಿಗೆ ಅದರ ಒರಿಜಿನ್ ಮರಳಿ ಕೊಡುವ ಆ ಅನುಮತಿಯನ್ನು ಸೇರಿಸಿದೆ, ಓಡಿತು. ಆಗ ಬಂತು ಆ ಪ್ರಶ್ನೆ.

ಅವಳು ಕೇಳಿದ್ದು ಸರಿಯೇ. ನಮ್ಮದೇ ಒರಿಜಿನ್‌ನ ಫ್ರೇಮಿಗೆ ಆ ಎರಡೂ ಅನುಮತಿ ಸಿಕ್ಕರೆ, ಒಳಗಿನ ಕೋಡ್ ಹೊರಗಿನ ಪುಟಕ್ಕೆ ಕೈ ಚಾಚಿ ತನ್ನ ಮೇಲಿನ ಸ್ಯಾಂಡ್‌ಬಾಕ್ಸನ್ನೇ ಕಿತ್ತುಹಾಕಬಹುದು. ಬೀಗ ಹಾಕಿ, ಕೀಲಿಯನ್ನು ಒಳಗಿದ್ದವನ ಜೇಬಿಗೆ ಹಾಕಿದ ಹಾಗೆ. ಸೀನಿಯರ್ ದಡ್ಡರಲ್ಲ. ಕೆಂಪು ಸಾಲು ಕಂಡರೆ ತಕ್ಷಣ ಅಳಿಸಬೇಕು ಅನ್ನುವವರು, ಅಷ್ಟೆ. ನಾನೂ ಹಾಗೇ ಅಲ್ವಾ?

ಕೊನೆಗೆ ಬೇರೆ ದಾರಿ ಹಿಡಿದೆವು. ಹೊರಗಿನ ಪುಟ ವರ್ಕರ್‌ನ ಕೋಡ್ ಓದಿ, ಬರೀ ಪಠ್ಯವಾಗಿ, ಪುಟಗಳ ನಡುವೆ ಸಂದೇಶ ದಾಟಿಸುವ ಪೋಸ್ಟ್‌ಮೆಸೇಜ್‌ನಲ್ಲಿ ಒಳಗೆ ಕಳಿಸುತ್ತದೆ. ಫ್ರೇಮ್ ಅದರಿಂದ ಬ್ಲಾಬ್, ಅಂದರೆ ಬ್ರೌಸರ್ ಒಳಗೇ ಇರುವ ಫೈಲಿನಂಥದ್ದನ್ನು, ಮಾಡಿಕೊಂಡು ವರ್ಕರ್ ಹುಟ್ಟಿಸುತ್ತದೆ. ಆ ಬ್ಲಾಬ್ ಹುಟ್ಟಿದ್ದು ಒಳಗೇ ಆದ್ದರಿಂದ ಬ್ರೌಸರ್ ತಕರಾರು ಮಾಡುವುದಿಲ್ಲ. ವರ್ಕರ್ ಒಳಗೆ ಬೇರೆ ಫೈಲ್ ತರುವ ಇಂಪೋರ್ಟ್‌ಸ್ಕ್ರಿಪ್ಟ್ಸ್‌ಗೆ ಮಾತ್ರ ಪೂರ್ತಿ ವಿಳಾಸ ಬರೆಯಬೇಕಾಯಿತು. ಪುಟದ ನೆಟ್‌ವರ್ಕ್ ಕೋರಿಕೆಗಳನ್ನು ನಡುವೆ ಹಿಡಿಯುವ ಸರ್ವಿಸ್ ವರ್ಕರ್ ಸುದ್ದಿಗೇ ಹೋಗಲಿಲ್ಲ. ಅಲ್ಲಿ ಅದರ ಹೆಸರೆತ್ತಿದರೂ ಸೆಕ್ಯುರಿಟಿ ಎರರ್.

ನನ್ನ ತಲೆ ಕೊರೆಯುತ್ತಿರುವುದು ಆ 'ನಲ್'. ಇಂಥ ಎರಡು ಫ್ರೇಮ್‌ಗಳನ್ನು ನೀನ್ಯಾರು ಅಂತ ಕೇಳಿದರೆ ಎರಡೂ 'ನಲ್' ಅನ್ನುತ್ತವೆ. ಬ್ರೌಸರ್ ಲೆಕ್ಕದಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಅಂದರೆ ಆ ಉತ್ತರದಿಂದ ಯಾರನ್ನೂ ಗುರುತು ಹಿಡಿಯಲಾಗದು. ಹೀಗೆ ಯೋಚಿಸುತ್ತಲೇ ನಿನ್ನೆ ರಾತ್ರಿ ಹಳೆಯ ಕೋಡ್ ತೆರೆದೆ. ಮೆಸೇಜ್ ಯಾವ ಕಿಟಕಿಯಿಂದ ಬಂತು ಅಂತ ನೋಡದೆ, ಒರಿಜಿನ್ 'ನಲ್' ಆಗಿದ್ದರೆ ಒಳಗೆ ಬಿಡು ಅಂತ ಒಂದು ಸಾಲಿದೆ.

ಬರೆದವನು ನಾನೇ. ಅವಳ ಕಣ್ಣಿಗೆ ಅದಿನ್ನೂ ಬಿದ್ದಿಲ್ಲ.