ನಾಡಿಮಾಪಕದ ಕೆಲಸ: ಉಸಿರು ಸಿಕ್ಕಿತು, ತಣ್ಣೀರು ಕೈಕೊಟ್ಟಿತು

ಬೆರಳ ತುದಿಗೆ ಕಟ್ಟಿ, ಬೆಳಕಿನಿಂದ ನಾಡಿಬಡಿತ ಹಿಡಿಯುವ ಪಲ್ಸ್ ಸೆನ್ಸರ್ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಅಂತೂ ಹೊಂದಿಕೊಂಡಿದೆ. ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯದೆ ಅಲೆ ಚಪ್ಪಟೆಯಾಗುತ್ತಿತ್ತು, ಸಡಿಲ ಬಿಟ್ಟರೆ ಟ್ಯೂಬ್‌ಲೈಟಿನ ಬೆಳಕು ಒಳನುಗ್ಗುತ್ತಿತ್ತು. ಮೇಲೊಂದು ಕಪ್ಪು ಬಟ್ಟೆ ಸುತ್ತಿದ ಮೇಲೆ ಗೆರೆ ತಿಳಿಯಾಯಿತು. ನಿಮಿಷದ ಸರಾಸರಿಯನ್ನು ಕೈಬಿಟ್ಟು, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಮಿಲಿಸೆಕೆಂಡು ಎಂಬುದನ್ನಷ್ಟೇ ದಾಖಲಿಸುತ್ತಿದ್ದೇನೆ. ನಮ್ಮ ಗಮನವಿಲ್ಲದೆಯೇ ಹೃದಯದಂಥ ಅಂಗಗಳನ್ನು ನಡೆಸುವ ಸ್ವಾಯತ್ತ ನರವ್ಯೂಹದ ಕೈವಾಡ ಕಾಣುವುದು ಅಲ್ಲಿಯೇ.

ಸುಮ್ಮನೆ ಕುಳಿತು ನಿಧಾನವಾಗಿ ಉಸಿರಾಡಿದೆ. ಉಸಿರೆಳೆದಾಗ ಅಂತರ 780 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು, ಬಿಟ್ಟಾಗ 930 ದಾಟಿತು. ಸೆನ್ಸರಿನ ದೋಷವಲ್ಲ ಇದು. ಬಡಿತ ಹುಟ್ಟಿಸುವ ಹೃದಯದ ಎಸ್‌ಎ ನೋಡ್ ಅನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ನಾವು ಸುಮ್ಮನಿದ್ದಾಗ ಅದು 70ರ ಹತ್ತಿರ ಇರುವುದು ಮಿದುಳಿನ ಬುಡದ ಮೆಡುಲ್ಲಾದಿಂದ ಇಳಿದು ಬರುವ ವೇಗಸ್ ನರ ಸದಾ ಕಡಿವಾಣ ಹಿಡಿದಿರುವುದರಿಂದ. ಉಸಿರೆಳೆಯುವಾಗ ಆ ಹಿಡಿತ ತುಸು ಸಡಿಲವಾಗುತ್ತದೆ. ಈ ಕಡಿವಾಣ ಕೆಲಸ ಮಾಡುವುದು ಒಂದು ರಾಸಾಯನಿಕದ ಮೂಲಕ. 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ವೇಗಸ್ ಬಿಡುಗಡೆ ಮಾಡಿ ಆ ದ್ರವಕ್ಕೆ ಸೇರಿದ್ದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಒಂದೆರಡು ಬಡಿತದೊಳಗೇ ಪರಿಣಾಮ ತೋರಿಸುತ್ತದೆ. ಬಡಿತವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳ ರಾಸಾಯನಿಕ ನಾರ್‌ಎಪಿನೆಫ್ರಿನ್‌ಗೆ ಕೆಲವು ಸೆಕೆಂಡು ಬೇಕು. ಹಾಗಾಗಿ ಉಸಿರಿನ ಜೊತೆಗೇ ಏರಿಳಿಯುವ ಈ ಗೆರೆ ಬಹುಪಾಲು ವೇಗಸ್‌ನದೇ.

ಎದ್ದು ನಿಂತಾಗ ಅಂತರ ಥಟ್ಟನೆ ಕುಗ್ಗಿತು. ನಿರೀಕ್ಷಿತವೇ, ರಕ್ತ ಕಾಲಿಗೆ ಇಳಿದದ್ದನ್ನು ಕತ್ತಿನ ರಕ್ತನಾಳದ ಕೆರೋಟಿಡ್ ಸೈನಸ್ ಎಂಬ ಭಾಗದಲ್ಲಿರುವ ಒತ್ತಡಗ್ರಾಹಕಗಳು ಮೆಡುಲ್ಲಾಕ್ಕೆ ಮುಟ್ಟಿಸುತ್ತವೆ, ಅದು ಬಡಿತವನ್ನು ಚುರುಕುಗೊಳಿಸುತ್ತದೆ.

ತಣ್ಣೀರಿನ ಪ್ರಯೋಗದ್ದೇ ಬೇರೆ ಕಥೆ. ಐಸ್ ಹಾಕಿದ ಬೋಗುಣಿಯಲ್ಲಿ ಉಸಿರು ಹಿಡಿದು ಮುಖ ಮುಳುಗಿಸಿದೆ. (ಹೃದಯದ ತೊಂದರೆ ಇರುವವರು ಇದನ್ನು ಮಾಡಲೇಬಾರದು.) ಬಡಿತಗಳ ನಡುವಿನ ಅಂತರ ಹಿಗ್ಗುತ್ತಾ ಹೋಯಿತು, ಆದರೆ ಅಲೆಯೂ ಕುಗ್ಗುತ್ತಾ ಹೋಗಿ ಕಡೆಗೆ ಪ್ರೋಗ್ರಾಮು ಬಡಿತವನ್ನೇ ಗುರುತಿಸದಾಯಿತು. ಮುಖಕ್ಕೆ ತಣ್ಣೀರು ತಾಗಿದಾಗ ವೇಗಸ್ ಹೃದಯವನ್ನು ನಿಧಾನಿಸಿದರೆ, ಅದೇ ಹೊತ್ತಿಗೆ ಸಿಂಪಥೆಟಿಕ್ ನರಗಳು ಬೆರಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತವೆ. ಒತ್ತಡಕ್ಕೆ ಸಿಂಪಥೆಟಿಕ್, ವಿಶ್ರಾಂತಿಗೆ ವೇಗಸ್ ಎಂದು ಎರಡಕ್ಕೂ ಸರದಿ ಹಂಚುವ ಶಾಲಾ ಚಿತ್ರಗಳು ನನಗೆ ಹಿಡಿಸದಿರುವುದು ಇದಕ್ಕೇ. ಇಲ್ಲಿ ಎರಡೂ ಒಟ್ಟಿಗೇ ಚುರುಕಾಗಿವೆ, ಒಂದು ಹೃದಯದಲ್ಲಿ, ಇನ್ನೊಂದು ಬೆರಳಿನಲ್ಲಿ.

ಬೆರಳನ್ನು ನೆಚ್ಚಿ ಈ ಭಾಗ ಮುಗಿಯುವುದಿಲ್ಲ. ಎದೆಗೆ ಅಂಟಿಸುವ ಇಸಿಜಿ ಮಾಡ್ಯೂಲ್ ತರಿಸುತ್ತಿದ್ದೇನೆ. ಅದನ್ನು ಜೋಡಿಸಿದಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬರೀ ಬ್ಯಾಟರಿಯಲ್ಲೇ ನಡೆಸುವುದು. ಜೊತೆಗೆ ಬೆರಳಿನ ಸೆನ್ಸರನ್ನೂ ಬಿಡದೆ, ಎರಡೂ ಗೆರೆಗಳನ್ನು ಒಂದೇ ಪರದೆಯಲ್ಲಿ ಬರಿಸುವುದು.