ಅಂಟಿಸಿದ ಕನ್ನಡಿ ಕೀಳೋದು ಸುಲಭ, ಹಿಂದಿನ ಕಾಗದ ಉಳಿಸೋದು ಕಷ್ಟ

ಮೊದಲು ಗೋಡೆ ಬಡಿದು ನೋಡ್ರಿ. ಗಟ್ಟಿ ಸಪ್ಪಳ ಬಂದರೆ ಅದು ಇಟ್ಟಿಗೆ-ಸಿಮೆಂಟ್ ಗೋಡೆ. ಅಲ್ಲಿ ಕನ್ನಡಿ ಕಿತ್ತರೆ ಒಂದಿಷ್ಟು ಪುಟ್ಟಿ ಎದ್ದು ಬರುತ್ತೆ, ಅಷ್ಟೇ. ಟೊಳ್ಳು ಸಪ್ಪಳ ಬಂದರೆ ಅದು ಜಿಪ್ಸಮ್ ಬೋರ್ಡ್, ಅಂದರೆ ಎರಡೂ ಬದಿ ದಪ್ಪ ಕಾಗದ ಹೊದ್ದ ಜಿಪ್ಸಮ್ ಹಲಗೆ. ಸಲೂನು, ಅಂಗಡಿ, ಆಫೀಸಿನ ಪಾರ್ಟಿಶನ್ ಇಂಥದ್ದೇ. 12.5 ಮಿ.ಮೀ. ಬೋರ್ಡಿನ ಗಟ್ಟಿತನ ಬಹುಪಾಲು ಮೇಲಿನ ಕಾಗದದ್ದು. ಕನ್ನಡಿ ಅಂಟಿಸಿದ ಸಿಲಿಕಾನ್ (ರಬ್ಬರಿನಂಥ ಅಂಟು) ಹಿಡಿದಿರೋದೂ ಆ ಕಾಗದವನ್ನೇ.

5 ಮಿ.ಮೀ. ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕೆ.ಜಿ. ತೂಗುತ್ತೆ. ಅಂದರೆ 4×6 ಅಡಿಯ ಕನ್ನಡಿ ಸುಮಾರು 28 ಕೆ.ಜಿ. ಒಬ್ಬರೇ ಕೈ ಹಾಕಬೇಡ್ರಿ. ಇಡೀ ಗಾಜಿಗೆ ಅಗಲ ಟೇಪ್ ಅಡ್ಡಡ್ಡ, ಉದ್ದುದ್ದ ಹಚ್ಚಿರಿ. ಒಡೆದರೂ ಚೂರು ಟೇಪಿಗೆ ಅಂಟಿಕೊಂಡಿರುತ್ತೆ. ಕನ್ನಡಕ, ದಪ್ಪ ಕೈಗವಸು, ಬೂಟು ಬೇಕೇ ಬೇಕು.

ಕನ್ನಡಿಯ ಹಿಂದೆ ಲೋಹದ ಪಟ್ಟಿ ತೂರಿಸಿ ಒಂದೇ ಕಡೆ ಮೀಟಿದರೆ ಗಾಜು ಸೀಳುತ್ತೆ, ಇಲ್ಲವೇ ಬೋರ್ಡೇ ಒಳಗೆ ಕುಸಿಯುತ್ತೆ. ಅದರ ಬದಲು ತೆಳ್ಳನೆಯ ಸ್ಟೀಲ್ ತಂತಿ (ಗಿಟಾರ್ ತಂತಿ ಆದೀತು) ತಗೊಂಡು ಎರಡೂ ತುದಿಗೆ ಕಟ್ಟಿಗೆ ತುಂಡು ಕಟ್ಟಿ, ಕನ್ನಡಿಯ ಹಿಂದೆ ಮೇಲಿನಿಂದ ಕೆಳಕ್ಕೆ ಗರಗಸದಂತೆ ಎಳೀರಿ. ಇನ್ನೊಬ್ಬರು ಕನ್ನಡಿಯನ್ನ ಗೋಡೆಗೆ ಒತ್ತಿ ಹಿಡಿದಿರಲಿ. ಬಿಟ್ಟುಕೊಂಡ ಕಡೆ ಕಟ್ಟಿಗೆಯ ಬೆಣೆ ಇಡ್ತಾ ಬನ್ನಿ. ಹೇರ್ ಡ್ರೈಯರ್ ಹಳೆ ಡಾಂಬರಿನಂಥ ಅಂಟನ್ನ ಮೆತ್ತಗೆ ಮಾಡುತ್ತೆ, ಸಿಲಿಕಾನಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಜಾಗಕ್ಕೆ ಬಿಸಿ ಹಿಡಿದರೆ ಕನ್ನಡಿ ಬಿರಿಯುತ್ತೆ.

ಕನ್ನಡಿ ಇಳಿದ ಮೇಲೆ ನಿಜವಾದ ಕೆಲಸ. ಸಿಲಿಕಾನ್ ಮುದ್ದೆಯನ್ನ ಎಳೆದು ಕೀಳಬೇಡ್ರಿ, ಮೊಳದುದ್ದ ಕಾಗದ ಸುಲಿದು ಬಂದೀತು. ಮುದ್ದೆಯ ಸುತ್ತ ಕಟರ್‌ನಿಂದ ಕಾಗದ ಕೊಯ್ದು, ಅಂಟಿನ ಸಮೇತ ತೆಗೀರಿ. ಸಿಲಿಕಾನಿನ ಪಸೆ ಉಳಿದರೆ ಬಣ್ಣ ಅಲ್ಲಿ ಹಿಡಿಯೋದಿಲ್ಲ. ಸುಲಿದ ಜಾಗದಲ್ಲಿ ಕಂದು ಬಣ್ಣದ ನಾರುನಾರಾದ ಪದರ ಕಾಣುತ್ತೆ. ನಮ್ಮ ಪೇಂಟರ್‌ಗಳು ಗೋಡೆಗೆ ನೀರು ಚಿಮುಕಿಸಿ ಬಿಳಿ ಸಿಮೆಂಟಿನ ಪುಟ್ಟಿ ಎಳೆಯೋ ರೂಢಿಯವರು. ಇಲ್ಲಿ ಅದು ಕೂಡದು: ಆ ಪದರ ನೀರು ಕುಡಿದು ಉಬ್ಬುತ್ತೆ, ಹಪ್ಪಳದ ಹಾಗೆ ಗುಳ್ಳೆ ಏಳುತ್ತೆ.

ಜೋಲುವ ಅಂಚು ಕೊಯ್ದು, 120 ನಂಬರಿನ ಪಾಲಿಶ್ ಪೇಪರ್ ಹಗುರವಾಗಿ ಉಜ್ಜಿ, ಆಯಿಲ್ ಪ್ರೈಮರ್ ಒಂದು ಕೋಟ್ ಹೊಡೆದು ರಾತ್ರಿಯೆಲ್ಲ ಬಿಡಿ. ಮರುದಿನ ಜಿಪ್ಸಮ್ ಜಾಯಿಂಟಿಂಗ್ ಕಾಂಪೌಂಡ್ (ಬೋರ್ಡಿನ ಸಂದಿ ತುಂಬೋ ಪುಟ್ಟಿ) ಎರಡು-ಮೂರು ತೆಳು ಕೋಟ್. ಪ್ರತಿ ಕೋಟ್ ಹಿಂದಿನದಕ್ಕಿಂತ ಒಂದೆರಡು ಇಂಚು ಹೊರಗೆ ಹರಡಲಿ. ಬೆಳಗಾವಿ ಮಳೆಗಾಲದಲ್ಲಿ ಒಂದು ಕೋಟ್ ಒಣಗೋದಕ್ಕೆ ಎರಡು ದಿನವೂ ಹಿಡಿದೀತು. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ತದ್ವಿರುದ್ಧ. ಅಲ್ಲಿ ಫ್ಯಾನ್ ಬಂದ್ ಇಡ್ರಿ, ಇಲ್ಲದಿದ್ದರೆ ಬೇಗ ಒಣಗಿ ಬಿರುಕು.

ಬೋರ್ಡೇ ತೂತಾಗಿದ್ದರೆ ಚೌಕಾಗಿ ಕೊಯ್ದು, ಹಿಂದೆ ಕಟ್ಟಿಗೆ ಪಟ್ಟಿ ಕೊಟ್ಟು, ಹೊಸ ತುಂಡನ್ನ 25 ಮಿ.ಮೀ. ಸ್ಕ್ರೂನಿಂದ ಕೂಡಿಸಿ, ಸಂದಿಗೆ ಜಾಯಿಂಟ್ ಟೇಪ್ ಹಚ್ಚಿ ಕಾಂಪೌಂಡ್ ಎಳೀರಿ.

ಕನ್ನಡಿ ಮತ್ತೆ ಹಾಕೋದಿದ್ದರೆ ಕ್ಲಿಪ್ ಒಳ್ಳೇದು. ಅಂಟೇ ಬೇಕಂದರೆ ನ್ಯೂಟ್ರಲ್ ಸಿಲಿಕಾನ್ ಕೇಳ್ರಿ. ವಿನೆಗರ್ ವಾಸನೆಯದು ಹಿಂದಿನ ಬೆಳ್ಳಿ ಲೇಪವನ್ನ ಕರ್ರಗೆ ಮಾಡುತ್ತೆ.